ಮನೆಯಲ್ಲೇ ಕಲಿಯುವ ಮಕ್ಕಳಿಗೂ ಗೆಳೆಯರು ಬೇಕಲ್ವಾ?

ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ ತೀವ್ರ ಅಂಗವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಕಲಿಯಬಹುದು. ಪಾಠವೇನೋ ಮನೆಗೆ ಬರುತ್ತದೆ, ಗೆಳೆಯರು ಬರಲ್ಲ.

ಹೀಗೆ ಮನೆಯಲ್ಲೇ ಕಲಿಯುವ ನಮ್ಮ ಮಗಳ ಜೊತೆ ಆಡೋಕೆ ನಾವು ಶನಿವಾರ ಮಧ್ಯಾಹ್ನ ಓಣಿಯ ಇಬ್ಬರೇ ಮಕ್ಕಳನ್ನು ಕರೆಯುತ್ತೇವೆ. ಜಾಸ್ತಿ ಜನ ಆದರೆ ಗಲಾಟೆಗೆ ಮಗಳು ಬೆಚ್ಚಿಬೀಳುತ್ತಾಳೆ. ಆಟ ಚೌಕಾಬಾರ. ಕವಡೆ ಹಾಕಿದ ಲೋಟವನ್ನು ಅವಳ ಕೈಗೆ ತಾಗುವಂತೆ ಹಿಡಿದರೆ ಸಾಕು, ತಳ್ಳಿ ಬೀಳಿಸುತ್ತಾಳೆ. ಯಾವ ಕಾಯಿ ನಡೆಸಬೇಕು ಅಂತ ಎರಡು ಕಾಯಿ ತೋರಿಸಿ ಕೇಳಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ನೆ ಕಾಯಬೇಕು. ಅವಳು ನೋಡಿದ್ದೇ ಉತ್ತರ. ಮಕ್ಕಳು ಇದನ್ನು ಒಂದೇ ದಿನಕ್ಕೆ ಕಲಿತರು. ನಮ್ಮ ನೆಂಟರಿಗೆ ಇನ್ನೂ ಬಂದಿಲ್ಲ!

ಬೇಕಂತಲೇ ಗೆಲ್ಲಿಸಬೇಡಿ, ಅವಳಿಗೆ ಗೊತ್ತಾಗುತ್ತದೆ. ಇನ್ನೊಂದು, ನುಂಗಲು ಕಷ್ಟ ಇರುವ ಮಗುವಿನ ಬಾಯಿಗೆ ಪ್ರೀತಿಯಿಂದಲೂ ತಿಂಡಿ ಇಡಬಾರದು ಅಂತ ಬಂದ ಮಕ್ಕಳಿಗೆ ಮೊದಲೇ ಹೇಳಿಬಿಡಿ.