ದೇವರ ಡಬ್ಬಿಯ ಬೆಳ್ಳಿ ರೂಪಾಯಿ: ಕೊಳೆ ತೆಗೆಯಬೇಕು, ಬಣ್ಣ ಉಳಿಸಬೇಕು

ಮೈಸೂರು, ಮಂಡ್ಯ ಕಡೆಯ ಮನೆಗಳಿಂದ ನನ್ನ ಕೈಗೆ ಬರುವ ಹಳೆಯ ಬೆಳ್ಳಿ ರೂಪಾಯಿಗಳ ಮೇಲೆ ಮಣ್ಣಿಗಿಂತ ಅರಿಶಿನ ಕುಂಕುಮವೇ ಜಾಸ್ತಿ. ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹಚ್ಚಿದ್ದು ಪದರ ಪದರವಾಗಿ ಕೂತಿರುತ್ತದೆ, ಅದರ ಮೇಲೆ ದೀಪದೆಣ್ಣೆಯ ಜಿಡ್ಡು. ಹಬ್ಬದ ಹಿಂದಿನ ದಿನ ಹುಣಸೆಹಣ್ಣಿನಲ್ಲೋ ವಿಭೂತಿಯಲ್ಲೋ ಟೂತ್‌ಪೇಸ್ಟ್‌ನಲ್ಲೋ ಉಜ್ಜುವುದು ರೂಢಿ. ಪೂಜೆಗೆಂದೇ ಕೊಂಡ ಹೊಸ ಲಕ್ಷ್ಮಿ ನಾಣ್ಯವಾದರೆ ಉಜ್ಜಿಕೊಳ್ಳಿ. ವಿಕ್ಟೋರಿಯಾ ರೂಪಾಯಿಯನ್ನು ದಯವಿಟ್ಟು ಉಜ್ಜಬೇಡಿ.

ಕಾರಣ ಇಷ್ಟೇ. ನಾಣ್ಯದ ಮೇಲೆ ಕೂತ ಕೊಳೆ ಬೇರೆ, ಬೆಳ್ಳಿಯೇ ತಿರುಗಿದ ಬಣ್ಣ ಬೇರೆ. ಕಪ್ಪು ಎಂದರೆ ಗಾಳಿಯಲ್ಲಿರುವ ಗಂಧಕದ ಅಂಶದ ಜೊತೆ ಕೂಡಿಕೊಂಡ ಬೆಳ್ಳಿ. ಅದನ್ನು ಉಜ್ಜಿ ತೆಗೆದರೆ ನಾಣ್ಯದ ಬೆಳ್ಳಿಯೇ ಹೋಗುತ್ತದೆ. ವಿಭೂತಿಯಾಗಲಿ ಪೇಸ್ಟಾಗಲಿ ಕೂದಲೆಳೆಯಂಥ ಗೀರು ಎಳೆಯುತ್ತವೆ. ಆ ಗೀರು ಮತ್ತೆ ಮಾಯುವುದಿಲ್ಲ. 1862 ಎಂದು ಇಸವಿ ಇರುವ ರೂಪಾಯಿಗಳಲ್ಲಿ ಅಚ್ಚಿನಲ್ಲಿರುವ ಸಣ್ಣ ಚುಕ್ಕಿ ಎಣಿಸಿಯೇ ಯಾವ ಬಗೆಯದೆಂದು ಹೇಳುವುದು. ಐದನೇ ಜಾರ್ಜ್ ರೂಪಾಯಿಯಲ್ಲಿ ಬೊಂಬಾಯಿ ಟಂಕಸಾಲೆಯ ಗುರುತು ಎಂದರೆ ತಾವರೆಯ ಕೆಳಗಿನ ಒಂದು ಸಣ್ಣ ಚುಕ್ಕಿ. ಸವೆಯುವಾಗ ಮೊದಲು ಹೋಗುವುದು ಇಂಥವೇ.

ನಾನು ಮೊದಲು ತೂಕ ನೋಡುತ್ತೇನೆ. ಸವೆಯದ ರೂಪಾಯಿ 11.66 ಗ್ರಾಂ ಇರಬೇಕು. ಆಮೇಲೆ ಇಸವಿ. 1939ರವರೆಗಿನವು ನೂರಕ್ಕೆ 91.7 ಬೆಳ್ಳಿ. 1940ರಿಂದ 1945ರವರೆಗಿನವು ಅರ್ಧ ಮಾತ್ರ ಬೆಳ್ಳಿ, 40 ಭಾಗ ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. ತಾಮ್ರ ಇಷ್ಟಿರುವುದರಿಂದ ಇವಕ್ಕೆ ಕಿಲುಬು ಬೇಗ ಹಿಡಿಯುತ್ತದೆ, ಹುಳಿ ತಾಗಿದರೆ ಮೈ ಕೆಡುತ್ತದೆ. ಎರಡು ಬಗೆಯನ್ನೂ ಒಂದೇ ಬಟ್ಟಲಿಗೆ ಹಾಕುವುದಿಲ್ಲ.

ಮೊದಲು ನೀರು. ಬೋರ್‌ವೆಲ್ ನೀರು ಗಡಸಾದ್ದರಿಂದ ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ, ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಲೀಟರ್ ತಂದರೆ ಹತ್ತು ನಾಣ್ಯಕ್ಕೆ ಸಾಕು. ಪಕ್ಕದಲ್ಲೇ ಬ್ಯಾಟರಿ ಆಸಿಡ್ ಡಬ್ಬಿಯೂ ಇರುತ್ತದೆ, ಹೆಸರು ಓದಿಯೇ ಕೊಳ್ಳಿ. ಗಾಜಿನ ಬಟ್ಟಲಿನ ತಳಕ್ಕೆ ಹತ್ತಿ ಬಟ್ಟೆ ಹಾಸಿ, ಒಂದರ ಮೇಲೊಂದು ಬೀಳದಂತೆ ನಾಣ್ಯ ಇಟ್ಟು, ಮುಳುಗುವಷ್ಟು ನೀರು ಹಾಕಿ ಎರಡು ಗಂಟೆ ಬಿಡುತ್ತೇನೆ. ಹಿಡಿಯುವುದು ಅಂಚಿನಲ್ಲಿ ಮಾತ್ರ. ಬೆರಳಿನ ಬೆವರು ಬಿದ್ದ ಕಡೆ ಕೆಲವು ತಿಂಗಳಲ್ಲಿ ಬೆರಳಚ್ಚೇ ಮೂಡುತ್ತದೆ.

ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಬೇಗ ಆರುವ ದ್ರಾವಕವಾದ ಅಸಿಟೋನ್‌ಗೆ ಬಿಡುತ್ತದೆ. ಎಣ್ಣೆ ಜಿಡ್ಡು, ಗೋಂದು, ಪ್ಲಾಸ್ಟಿಕ್ ಕವರ್ ಬಿಟ್ಟ ಅಂಟು ಎಲ್ಲಾ ಅದರಲ್ಲೇ ಹೋಗುತ್ತವೆ. ಬೆಳ್ಳಿಗೆ ಅದು ಏನೂ ಮಾಡುವುದಿಲ್ಲ. ಬೇಕಾದ್ದು ಪ್ರಯೋಗಾಲಯದ ಸಾಮಾನು ಮಾರುವವರಲ್ಲಿ ಸಿಗುವ ಶುದ್ಧ ಅಸಿಟೋನ್. ನೈಲ್ ಪಾಲಿಶ್ ರಿಮೂವರ್‌ನಲ್ಲಿ ಸುಗಂಧ, ಬಣ್ಣ, ಎಣ್ಣೆ ಬೆರೆತಿರುತ್ತವೆ, ಅದು ಬೇಡ. ಮುಚ್ಚಳವಿರುವ ಎರಡು ಗಾಜಿನ ಬಾಟಲಿಗೆ 50 ಮಿಲಿಯಂತೆ ಹಾಕಿಕೊಳ್ಳುತ್ತೇನೆ. ಮೊದಲನೆಯದರಲ್ಲಿ ಅರ್ಧ ಗಂಟೆ ಬಿಟ್ಟರೆ ದ್ರವ ಹಳದಿಯಾಗುತ್ತದೆ. ಅಲ್ಲಿಂದ ತೆಗೆದು ಒಣಗಲು ಬಿಡದೆ ಎರಡನೆಯದಕ್ಕೆ. ಬಹಳ ಜನ ಎಡವುವುದು ಇಲ್ಲೇ: ಕೊಳೆ ಅಸಿಟೋನ್ ನಾಣ್ಯದ ಮೇಲೆ ಆರಿದರೆ ಜಿಡ್ಡಿನ ತೆಳು ಪೊರೆಯಾಗಿ ಮತ್ತೆ ಕೂತುಬಿಡುತ್ತದೆ. ಎರಡನೆಯದರಿಂದ ತೆಗೆದ ಮೇಲೆ ಒರೆಸಬೇಡಿ, ತಾನಾಗಿ ನಿಮಿಷದಲ್ಲಿ ಆರುತ್ತದೆ. ಅಸಿಟೋನ್ ಬೆಂಕಿಗೆ ಪೆಟ್ರೋಲಿನಂತೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಒಲೆ, ದೇವರ ದೀಪ ಇರುವ ಕೋಣೆಯಲ್ಲಿ ಈ ಕೆಲಸ ಮಾಡಲೇಬೇಡಿ, ಕಿಟಕಿ ತೆಗೆದಿರಿ.

ಹಸಿರು ಕಿಲುಬು ಉಳಿದಿದ್ದರೆ ಅದಕ್ಕೆ ತಾಳ್ಮೆಯೇ ಔಷಧ. ಮೆಡಿಕಲ್ ಸ್ಟೋರ್‌ನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್‌ನಲ್ಲಿ ಎರಡು ಮೂರು ವಾರ ಮುಳುಗಿಸಿಡುತ್ತೇನೆ. ಮೆತ್ತಗಾದ ಮೇಲೆ ಬಿದಿರಿನ ಹಲ್ಲುಕಡ್ಡಿಯ ತುದಿಯಿಂದ ಭೂತಗನ್ನಡಿಯಡಿ ಎತ್ತಬಹುದು. ಎತ್ತಬೇಕು, ಕೆರೆಯಬಾರದು. ಬರದಿದ್ದರೆ ಇನ್ನೊಂದು ವಾರ. ಕೊನೆಗೆ ಅಸಿಟೋನ್‌ನಲ್ಲಿ ಎಣ್ಣೆ ತೆಗೆಯುವುದು. ಅಡುಗೆ ಎಣ್ಣೆ ಬಳಸುವುದಿಲ್ಲ, ಅದರ ಆಮ್ಲ ತಾಮ್ರವನ್ನು ಮತ್ತೆ ತಿನ್ನುತ್ತದೆ.

ಕಪ್ಪು ಇಷ್ಟವಿಲ್ಲದವರು ಅಲ್ಯುಮಿನಿಯಂ ಹಾಳೆ, ಅರ್ಧ ಲೀಟರ್ ಬಿಸಿನೀರು, ಒಂದು ಟೇಬಲ್ ಚಮಚ ಅಡುಗೆ ಸೋಡಾ ಬಳಸುತ್ತಾರೆ. ನಾಣ್ಯ ಹಾಳೆಗೆ ತಾಗಿರಬೇಕು, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲಸ ಆಗುತ್ತಿದೆ ಎಂದರ್ಥ. ಕಪ್ಪು ಹೋಗುತ್ತದೆ ನಿಜ, ಆದರೆ ಮರಳಿ ಬಂದ ಬೆಳ್ಳಿ ಸುಣ್ಣ ಬಳಿದಂತೆ ಮಂಕಾಗಿರುತ್ತದೆ. ಬೆಳ್ಳಿ ಅದ್ದಿ ತೆಗೆಯಲು ಅಂಗಡಿಯಲ್ಲಿ ಸಿಗುವ ದ್ರವ, ಸಿಲ್ವರ್ ಡಿಪ್ ಅಂತೂ ಮೇಲಿನ ಪದರವನ್ನೇ ಕರಗಿಸುತ್ತದೆ. ಅಚ್ಚು ಹೊಡೆದಾಗ ಲೋಹ ಹರಿದ ಸೂಕ್ಷ್ಮ ಗೆರೆಗಳಿಂದಲೇ ನಾಣ್ಯಕ್ಕೆ ಹೊಳಪು. ಆ ಗೆರೆ ಹೋದರೆ ಹೊಳಪು ಎಂದೆಂದಿಗೂ ಹೋಯಿತು. ಪೂಜೆಯ ನಾಣ್ಯಕ್ಕೆ ಬೇಕಾದರೆ ಸೋಡಾ ಮಾಡಿಕೊಳ್ಳಿ, ಸಂಗ್ರಹದ್ದಕ್ಕೆ ಎರಡೂ ಬೇಡ.

ತೊಳೆದದ್ದನ್ನು ಮತ್ತೆ ದೇವರ ಕೋಣೆಗೆ ಇಡುವುದಿಲ್ಲ. ಪಿವಿಸಿ ಕವರ್ ಹಸಿರು ಅಂಟು ಬಿಡುತ್ತದೆ, ರಬ್ಬರ್ ಬ್ಯಾಂಡಿನಲ್ಲಿ ಗಂಧಕ ಇರುತ್ತದೆ. ಮೈಲಾರ್ (ಪಾಲಿಯೆಸ್ಟರ್ ಹಾಳೆಯ) ಕವರ್‌ನಲ್ಲಿ ಹಾಕಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲ ಶುರುವಾಗುವ ಮುಂಚೆ ಆ ಪೊಟ್ಟಣ ಬದಲಿಸುತ್ತೇನೆ.