ದಾವಣಗೆರೆಗೆ ವಾಪಸ್ ಬರೋದು ಅಟ್ಲಾಂಟಿಕ್ ಮಧ್ಯದಲ್ಲೇ ಶುರುವಾಗುತ್ತೆ: ನನ್ನ ಅನುಭವ

ಕ್ರೂಸ್ ಶಿಪ್ಪಲ್ಲಿ ಕೆಲಸ ಮಾಡೋ ನಮ್ಮ ಕಡೆ ಹುಡುಗ್ರು ಕಾಂಟ್ರಾಕ್ಟ್ ಮುಗಿಯೋಕೆ ಬಂದಾಗ ಮಾಡೋದು ಒಂದೇ, ದಿನ ಎಣಿಸೋದು. ಮಲಗೋ ಬಂಕ್ ಪಕ್ಕ ಕ್ಯಾಲೆಂಡರ್ ಅಂಟಿಸ್ಕಂಡು ದಿನಾ ಒಂದು ಗೆರೆ ಎಳೀತಾರೆ, ಕೆಲಸದ ಮೇಲೆ ಗಮನ ಇರಲ್ಲ, ಸರಿಯಾಗಿ ಊಟ ಮಾಡಲ್ಲ, ರಾತ್ರಿಯೆಲ್ಲಾ ಫೋನ್ ಹಿಡ್ಕಂಡು ಕೂತಿರ್ತಾರೆ. ಊರಿಗೆ ಬಂದ್ಮೇಲೆ ಹಗಲೆಲ್ಲಾ ನಿದ್ದೆ, ರಾತ್ರಿಯೆಲ್ಲಾ ಎಚ್ಚರ, ಮನೇಲಿ ಅವ್ವ ರೊಟ್ಟಿ ಮಾಡ್ಕಂಡು ಕಾಯ್ತಾ ಕೂತ್ರೆ ಮಗ ಎದ್ದಿರೋದಿಲ್ಲ. ಎಂಟೊಂಬತ್ತು ತಿಂಗಳು ದುಡಿದು ಸಿಗೋ ರಜೆ ಎರಡು ತಿಂಗಳು ಚಿಲ್ಲರೆ, ಅದ್ರಲ್ಲಿ ಎರಡು ವಾರ ಹಿಂಗೇ ಹೋದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ. ಅದಕ್ಕೇ ಬರೀತಿದೀನಿ, ಕೊನೇ ವಾರ ನಾನು ಹೆಂಗೆ ಕಳೀತೀನಿ ಅಂತ.

ನಾನು ಹೌಸ್‌ಕೀಪಿಂಗ್, ಸ್ಟೇಟ್‌ರೂಮ್ ಅಟೆಂಡೆಂಟ್. ಅಂದ್ರೆ ಗೆಸ್ಟ್‌ಗಳ ಕ್ಯಾಬಿನ್ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಕ್ಲೀನ್ ಮಾಡೋದು. ಸಾಧ್ಯ ಆದ್ರೆ ನಾನು ಸೈನ್ ಆಫ್ (ಕಾಂಟ್ರಾಕ್ಟ್ ಮುಗಿಸಿ ಹಡಗಿಂದ ಇಳಿಯೋದು) ಕೇಳ್ಕಳೋದು ಏಪ್ರಿಲ್ ಆಸುಪಾಸಿನ ಅಟ್ಲಾಂಟಿಕ್ ಕ್ರಾಸಿಂಗ್ ಮುಗಿಯೋ ದಿನಕ್ಕೆ. ಚಳಿಗಾಲ ಪೂರ್ತಿ ಕೆರಿಬಿಯನ್ ಕಡೆ ಓಡಾಡ್ಕಂಡಿದ್ದ ಹಡಗುಗಳು ಬೇಸಿಗೆ ಸೀಸನ್ನಿಗೆ ಯುರೋಪಿಗೆ ಹೋಗ್ಬೇಕಲ್ಲ, ಖಾಲಿ ಯಾಕೆ ಹೋಗ್ಬೇಕು ಅಂತ ಅದನ್ನೇ ಒಂದು ಟ್ರಿಪ್ ಮಾಡಿ ಟಿಕೆಟ್ ಮಾರ್ತಾರೆ, ರೀಪೊಸಿಷನಿಂಗ್ ಅಂತಾರೆ. ನಂದು ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲಿಂದ ಬಾರ್ಸಿಲೋನಾಗೆ. ನಾಲ್ಕು ಸಾವಿರ ನಾಟಿಕಲ್ ಮೈಲಿಗಿಂತ ಜಾಸ್ತಿ. ಒಂದು ನಾಟಿಕಲ್ ಮೈಲಿ ಅಂದ್ರೆ 1.852 ಕಿಲೋಮೀಟರ್. ಹಡಗು 20 ನಾಟಲ್ಲಿ, ಅಂದ್ರೆ ಗಂಟೆಗೆ 20 ನಾಟಿಕಲ್ ಮೈಲಿ ಹೋದ್ರೂ, ಗಂಟೆಗೆ 37 ಕಿಲೋಮೀಟರ್ ಅಷ್ಟೇ, ನಮ್ಮೂರ ಕಡೆ ಮೆಕ್ಕೆಜೋಳ ತುಂಬ್ಕಂಡು ಮಂಡಿಗೆ ಹೋಗೋ ಟ್ರ್ಯಾಕ್ಟರ್ ಇದ್ದಂಗೆ, ನಿಧಾನ ಆದ್ರೆ ನಿಲ್ಲಂಗಿಲ್ಲ.

ಆ ನಿಧಾನದಲ್ಲೇ ಇರೋದು ಲಾಭ. ಫ್ಲೋರಿಡಾದಲ್ಲಿ ಇರೋವಾಗ ಆ ಸೀಸನ್ನಲ್ಲಿ ನಮಗೂ ದಾವಣಗೆರೆಗೂ ಒಂಬತ್ತೂವರೆ ಗಂಟೆ ವ್ಯತ್ಯಾಸ. ಬಾರ್ಸಿಲೋನಾದಲ್ಲಿ ಮೂರೂವರೆ. ಮಧ್ಯದ ಆರು ಗಂಟೆನ ಹಡಗು ಒಂದೊಂದೇ ಗಂಟೆ ಮಾಡ್ಕಂಡು ದಾಟಿಸುತ್ತೆ. ಸಂಜೆ ಅನೌನ್ಸ್‌ಮೆಂಟ್ ಬರುತ್ತೆ, ಇವತ್ತು ರಾತ್ರಿ 2 ಗಂಟೆಗೆ ಗಡಿಯಾರ ಒಂದು ಗಂಟೆ ಮುಂದೆ ಇಟ್ಕಳ್ಳಿ ಅಂತ. ಕ್ರೂಗೆ ಇದು ಅಂದ್ರೆ ಆಗಲ್ಲ, ಒಂದು ಗಂಟೆ ನಿದ್ದೆ ಕಡಿಮೆ ಆಗುತ್ತೆ, ಬೆಳಿಗ್ಗೆ ಮೆಸ್ಸಲ್ಲಿ ಎಲ್ರ ಮುಖನೂ ಊದಿರ್ತವೆ. ಕೆಲವು ಹಡಗಲ್ಲಿ ಅದಕ್ಕೇ ಮಧ್ಯಾಹ್ನ 12 ಗಂಟೆಗೆ ಬದಲಾಯಿಸ್ತಾರೆ, ನಿದ್ದೆ ಬದ್ಲು ಕೆಲಸದ ಗಂಟೆ ಕಡಿಮೆ ಆಗಲಿ ಅಂತ, ಅದು ಒಳ್ಳೇದು.

ಆದ್ರೆ ನಾನು ಆ ಒಂದು ಗಂಟೆನ ಹೋಯ್ತು ಅಂತ ನೋಡಲ್ಲ, ಅದು ಊರಿನ ಕಡೆ ಒಂದು ಹೆಜ್ಜೆ. ನಮ್ಮ ದೇಹ ಪೂರ್ವಕ್ಕೆ ಹೋಗೋವಾಗ ದಿನಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ ಮಾತ್ರ ಹೊಂದ್ಕಳುತ್ತೆ, ಪಶ್ಚಿಮಕ್ಕೆ ಹೋಗೋದಕ್ಕಿಂತ ಇದು ಕಷ್ಟ, ಯಾಕಂದ್ರೆ ನಮ್ಮೊಳಗಿನ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ ಐತೆ, ಲೇಟಾಗಿ ಮಲಗು ಅಂದ್ರೆ ಕೇಳುತ್ತೆ, ಬೇಗ ಮಲಗು ಅಂದ್ರೆ ಕೇಳಲ್ಲ. ಫ್ಲೈಟಲ್ಲಿ ಸೀದಾ ಅಮೆರಿಕದಿಂದ ಬಂದ್ರೆ ಒಂಬತ್ತೂವರೆ ಗಂಟೆ ಒಂದೇ ಏಟಿಗೆ ತಲೆ ಮೇಲೆ ಬೀಳುತ್ತೆ. ಹಡಗಲ್ಲಿ ಅದರಲ್ಲಿ ಆರು ಗಂಟೆ ಕಂತಲ್ಲಿ ತೀರಿರುತ್ತೆ. ಶರತ್ತು ಏನಂದ್ರೆ ನೀವು ಕಂತು ಸರಿಯಾಗಿ ಕಟ್ಬೇಕು, ಗಡಿಯಾರ ಮುಂದಿಟ್ಟ ರಾತ್ರಿ ಹೊಸ ಟೈಮಿಗೆ ಸರಿಯಾಗಿ ಮಲಗ್ಬೇಕು, ಅದು ಬಿಟ್ಟು ಕ್ರೂ ಬಾರಲ್ಲಿ ಕೊನೇ ಪಾರ್ಟಿ ಅಂತ ಕೂತ್ರೆ ಏನೂ ಉಪಯೋಗ ಇಲ್ಲ. ಮಾರನೇ ದಿನ ಬೆಳಕು ಹರಿದ ತಕ್ಷಣ ಡ್ಯೂಟಿ ಮುಂಚೆ ಹತ್ತು ನಿಮಿಷ ಹಡಗಿನ ಮುಂಭಾಗದ ಕ್ರೂ ಡೆಕ್ಕಿಗೆ ಹೋಗಿ ಬಿಸಿಲಲ್ಲಿ ನಿಂತ್ಕಳ್ತೀನಿ. ನಮ್ಮ ಕ್ಯಾಬಿನ್ನುಗಳು ನೀರಿನ ಮಟ್ಟದ ಆಸುಪಾಸು ಇರೋದು, ಕಿಟಕಿ ಇಲ್ಲ, ಬೆಳಕು ಕಾಣದೆ ಇದ್ರೆ ದೇಹಕ್ಕೆ ಹೊಸ ಟೈಮು ಗೊತ್ತಾಗೋದು ಹೆಂಗೆ?

ರೆಸ್ಟ್ ವಿಷ್ಯ ಇನ್ನೊಂದು. ಹಡಗಿನ ಕೆಲಸದವರಿಗೆ ಅಂತ ಇರೋ ಅಂತಾರಾಷ್ಟ್ರೀಯ ಒಪ್ಪಂದ, ಮೆರಿಟೈಮ್ ಲೇಬರ್ ಕನ್ವೆನ್ಷನ್ ಪ್ರಕಾರ ಯಾವುದೇ 24 ಗಂಟೇಲಿ ಕಡಿಮೆ ಅಂದ್ರೂ 10 ಗಂಟೆ, ವಾರಕ್ಕೆ 77 ಗಂಟೆ ರೆಸ್ಟ್ ಕೊಡ್ಲೇಬೇಕು, ಆ ಹತ್ತು ಗಂಟೆನ ಎರಡಕ್ಕಿಂತ ಜಾಸ್ತಿ ತುಂಡು ಮಾಡಂಗಿಲ್ಲ, ಒಂದು ತುಂಡು ಆರು ಗಂಟೆ ಇರ್ಲೇಬೇಕು. ಹೊಸ ಹುಡುಗ್ರಿಗೆ ಇದು ಗೊತ್ತೇ ಇರಲ್ಲ, ಗೊತ್ತಿದ್ರೂ ಕೇಳೋಕೆ ಹೆದರ್ತಾರೆ. ಕ್ರಾಸಿಂಗಲ್ಲಿ ನಿಮ್ಮ ರೆಸ್ಟ್ ಗಂಟೆ ಸರಿಯಾಗಿ ಬರೀರಿ.

ಮನೆಗೆ ಫೋನ್ ಮಾಡೋದ್ರಲ್ಲಿ ಈ ಬದಲಾವಣೆ ಚೆನ್ನಾಗಿ ಗೊತ್ತಾಗುತ್ತೆ. ನನಗೆ ಬ್ರೇಕ್ ಸಿಗೋದು ಮಧ್ಯಾಹ್ನ 2ಕ್ಕೆ. ಫ್ಲೋರಿಡಾದಲ್ಲಿ 2 ಅಂದ್ರೆ ಊರಲ್ಲಿ ರಾತ್ರಿ ಹನ್ನೊಂದೂವರೆ, ಅವ್ವ ನಿದ್ದೆಗಣ್ಣಲ್ಲೇ ಫೋನ್ ಎತ್ತಿ "ಊಟ ಆಯ್ತೇನೋ ಮಗಾ, ಅಲ್ಲಿ ಈಗ ಹಗಲಾ ರಾತ್ರಿನಾ?" ಅಂತಿತ್ತು, ಎರಡು ಮಾತಿಗೆ ಮುಗೀತಿತ್ತು. ಅಟ್ಲಾಂಟಿಕ್ ನಡುವೆ ಇರೋ ಅಜೋರ್ಸ್ ದ್ವೀಪ ಬರೋ ಹೊತ್ತಿಗೆ ನನ್ನ 2 ಗಂಟೆಗೆ ಊರಲ್ಲಿ ಸಂಜೆ ಏಳೂವರೆ. ಬಾರ್ಸಿಲೋನಾ ಹತ್ರ ಹತ್ರ ಊರಲ್ಲಿ ಐದೂವರೆ, ಅವ್ವ ಟೀ ಕುಡ್ಕಂತ ಬಾಗಿಲಲ್ಲಿ ಕೂತಿರುತ್ತೆ, ಪಕ್ಕದ ಮನೆ ಚಿಕ್ಕಮ್ಮಂಗೂ ಫೋನ್ ಕೊಡುತ್ತೆ, ಹೋಗೋ ಬರೋರ್ನೆಲ್ಲಾ ವಿಡಿಯೋದಲ್ಲಿ ತೋರಿಸುತ್ತೆ. ಈಗ ಹಡಗಲ್ಲಿ ಸ್ಯಾಟಲೈಟ್ ಇಂಟರ್ನೆಟ್ ಚೆನ್ನಾಗಿ ಬರುತ್ತೆ, ನಡು ಸಮುದ್ರದಲ್ಲೂ ವಿಡಿಯೋ ಕಾಲ್ ಆಗುತ್ತೆ. ಹೊರಗೆ ನೋಡಿದ್ರೆ ನಾಲ್ಕೂ ಕಡೆ ನೀರು, ದಿನಗಟ್ಲೆ ಇನ್ನೊಂದು ಹಡಗು ಕಾಣಲ್ಲ, ಕೈಯಲ್ಲಿ ಮಾತ್ರ ನಮ್ಮ ಮನೆ ಬಾಗಿಲು. ಆ ಅರ್ಧ ಗಂಟೆ ನನಗೆ ಬಹಳ ದೊಡ್ಡದು.

ಈ ಸಲ ನನ್ನ ಸೆಕ್ಷನ್ನಲ್ಲೇ ಚಳ್ಳಕೆರೆ ಹುಡುಗ ಒಬ್ಬ ಇದ್ದ, ಮೊದಲನೇ ಕಾಂಟ್ರಾಕ್ಟ್, ನನ್ನ ಜೊತೆಗೇ ಸೈನ್ ಆಫ್. ಒಂದಿನ ರಾತ್ರಿ ಅವನ್ನ ಕೂರಿಸ್ಕಂಡು ಪೇಪರ್ ಎಲ್ಲಾ ಬರೆಸಿದೆ. "ಅಣ್ಣಾ, ಅದೆಲ್ಲಾ ಊರಿಗೆ ಹೋಗಿ ನೋಡ್ಕಳ್ಳಣ ಬಿಡಿ" ಅಂದ. "ಊರಿಗೆ ಹೋದ್ಮೇಲೆ ಇವರ ಹತ್ರ ಏನೇ ಕೇಳ್ಬೇಕು ಅಂದ್ರೂ ಇಮೇಲ್ ಮಾಡಿ ವಾರಗಟ್ಲೆ ಕಾಯ್ಬೇಕು ಕಣೋ ತಮ್ಮಾ, ಇಲ್ಲಾದ್ರೆ ಕ್ರೂ ಆಫೀಸ್ ಎರಡು ಡೆಕ್ ಮೇಲೆ ಐತೆ" ಅಂದೆ. ಮೆಡಿಕಲ್ ಸರ್ಟಿಫಿಕೇಟ್ ಎರಡು ವರ್ಷಕ್ಕಿಂತ ಜಾಸ್ತಿ ನಡಿಯಲ್ಲ, ಹಡಗಿನ ಕೆಲಸದವರಿಗೆ ಕಡ್ಡಾಯ ಇರೋ ಎಸ್‌ಟಿಸಿಡಬ್ಲ್ಯೂ ಟ್ರೇನಿಂಗಿನ ಬೆಂಕಿ ಆರಿಸೋದು, ನೀರಲ್ಲಿ ಜೀವ ಉಳಿಸ್ಕಳೋದು ಇವೆಲ್ಲಾ ಐದು ವರ್ಷಕ್ಕೊಮ್ಮೆ ರಿಫ್ರೆಷ್ ಮಾಡಿಸ್ಬೇಕು. ಕ್ರೂಗೆ ಅಮೆರಿಕ ಕೊಡೋ ಸಿ1/ಡಿ ವೀಸಾ ಮುಗಿಯೋಕೆ ಬಂದಿದ್ರೆ ಚೆನ್ನೈಗೋ ಹೈದರಾಬಾದ್‌ಗೋ ಹೋಗೋ ಕೆಲಸ. ಇವುಗಳ ತಾರೀಕು ಹಡಗಲ್ಲೇ ನೋಡ್ಕಂಡ್ರೆ ರಜೆನ ಅದಕ್ಕೆ ತಕ್ಕಂಗೆ ಹಂಚ್ಕಬೋದು. ಸೀ ಸರ್ವಿಸ್ ಲೆಟರ್ (ಹಡಗಲ್ಲಿ ಎಷ್ಟು ದಿನ ದುಡಿದ್ವಿ ಅನ್ನೋ ಪತ್ರ), ಕೊನೇ ಸಂಬಳದ ಲೆಕ್ಕ, ಅಪ್ರೈಸಲ್ ಕಾಪಿ, ಮೂರೂ ಕೈಗೆ ಬಂದಿರ್ಬೇಕು. ಇನ್ನೊಂದು ಅವನಿಗೆ ಗೊತ್ತೇ ಇರಲಿಲ್ಲ, ಕಾಂಟ್ರಾಕ್ಟ್ ಮುಗಿದಾಗ ಮನೆಗೆ ಕಳಿಸೋ ಫ್ಲೈಟ್ ಖರ್ಚು ಹಡಗಿನ ಮಾಲೀಕರದ್ದೇ, ಅದನ್ನ ಸಂಬಳದಲ್ಲಿ ಮುರ್ಕಳಂಗಿಲ್ಲ. ಏಜೆಂಟ್ ಕೂಡ ಕೆಲಸ ಕೊಡಿಸಿದ್ದಕ್ಕೆ ಅಂತ ನಮ್ಮ ಹತ್ರ ಫೀಸ್ ತಗಳಂಗಿಲ್ಲ. ಇದೂ ಆ ಮೆರಿಟೈಮ್ ಲೇಬರ್ ಕನ್ವೆನ್ಷನ್ನಲ್ಲೇ ಇರೋದು, ಇಂಡಿಯಾ ಅದಕ್ಕೆ 2015ರಲ್ಲೇ ಸೈ ಹಾಕೈತೆ. ನಮ್ಮ ಜಿಲ್ಲೆಗಳಿಂದ ಸಾಲ ಮಾಡಿ ಹೋಗೋ ಹುಡುಗ್ರು ಎಷ್ಟು ಜನ ಇದಾರೆ ಅಂತ ನೆನೆಸ್ಕಂಡ್ರೆ ಇದನ್ನ ಎಷ್ಟು ಸಲ ಬರೆದ್ರೂ ಕಡಿಮೆನೇ.

ಅಜೋರ್ಸಲ್ಲಿ ಪೋಂಟಾ ಡೆಲ್ಗಾಡಾ ಅನ್ನೋ ಊರಲ್ಲಿ ಹಡಗು ನಿಲ್ಲುತ್ತೆ, ಪೋರ್ಚುಗಲ್ಲಿಗೆ ಸೇರಿದ ದ್ವೀಪ. ಅಷ್ಟು ದಿನ ನೀಲಿ ನೋಡಿ ನೋಡಿ ಕಣ್ಣಿಗೆ ಹಸಿರು ಸಿಕ್ಕಾಗ ಎದೆ ತುಂಬಿ ಬರುತ್ತೆ. ಅನಾನಸ್‌ನ ಗಾಜಿನ ಮನೆ ಒಳಗೆ ಬೆಳೀತಾರೆ ಅಲ್ಲಿ. ಟೀ ತೋಟನೂ ಐತೆ, ಗೊರ್ರಿಯಾನಾ ಅಂತ, 1883ರಿಂದ ನಡೀತಿದೆ. ಮನೆಗೆ ತಗಂಡು ಹೋಗೋದನ್ನ ನಾನು ಅಲ್ಲೇ ಮುಗಿಸ್ತೀನಿ, ಎರಡು ಪ್ಯಾಕೆಟ್ ಟೀ ಪುಡಿ, ತೂಕ ಇಲ್ಲ. ಪರ್ಫ್ಯೂಮು ಚಾಕೊಲೇಟು ಅಂತ ಬ್ಯಾಗ್ ಭಾರ ಮಾಡ್ಕಂಡು ಏರ್‌ಪೋರ್ಟಲ್ಲಿ ನೆಲದ ಮೇಲೆ ಸೂಟ್‌ಕೇಸ್ ಬಿಚ್ಕಂಡು ಕೂರೋರನ್ನ ನೋಡಿದ್ರೆ ಬೇಜಾರಾಗುತ್ತೆ. ಟಿಕೆಟಲ್ಲಿ ಎಷ್ಟು ಕೆಜಿ ಅಂತ ಬರೆದಿದೆಯೋ ನೋಡ್ಕಂಡು ತೂಕ ಹಾಕಿ. ಪವರ್ ಬ್ಯಾಂಕ್ ಕೈ ಬ್ಯಾಗಲ್ಲಿ.

ಇನ್ನು ಗೆಸ್ಟ್‌ಗಳು. ಕ್ರಾಸಿಂಗಲ್ಲಿ ಬರೋರು ಹೆಚ್ಚಾಗಿ ರಿಟೈರ್ ಆದವರು, ಪೋರ್ಟುಗಳಿಗಾಗಿ ಬರೋರಲ್ಲ, ಸಮುದ್ರಕ್ಕಾಗೇ ಬರೋರು. ವಾರದ ಕ್ರೂಸಲ್ಲಿ ಹೆಸರು ನೆನಪಿಟ್ಕಳೋದೇ ಕಷ್ಟ, ಇಲ್ಲಿ ಅವರ ಮಾತ್ರೆ ಟೈಮು ಕೂಡ ನಮಗೆ ಗೊತ್ತಾಗಿರುತ್ತೆ. ಕೊನೇ ಮೂರು ದಿನ ಅವರೂ ಮಂಕಾಗ್ತಾರೆ. ಒಂದು ವಯಸ್ಸಾದ ಜೋಡಿ, ನಮ್ಮೂರು ಯಾವುದು ಅಂತ ಕೇಳಿದ್ದಕ್ಕೆ ಕುಂದುವಾಡ ಕೆರೆ ಫೋಟೋ ತೋರಿಸಿದ್ದೆ, ಅದಾದ್ಮೇಲೆ ದಿನಾ ಬೆಳಿಗ್ಗೆ ಅಜ್ಜಿ ಕೇಳೋದು, ಇನ್ನೆಷ್ಟು ದಿನಕ್ಕೆ ನಿನ್ನ ಕೆರೆ ನೋಡ್ತೀಯಾ ಅಂತ. ಇಂಥವರಿಗೆ ಕೊನೇ ದಿನ ಅರ್ಧಂಬರ್ಧ ಮನಸ್ಸಿಂದ ಹಾಸಿಗೆ ಹಾಕಿದ್ರೆ ಅದು ತಪ್ಪು. ನನ್ನ ಕೊನೇ ದಿನ ಅವರ ರಜೆಯ ಕೊನೇ ದಿನನೂ ಹೌದು.

ಕ್ರೂಸ್ ಹೋಗೋ ಪ್ಲಾನ್ ಇರೋರಿಗೂ ಇದು ಉಪಯೋಗಕ್ಕೆ ಬರ್ಬೋದು. ಇಳಿಯೋಕೆ ಒಂದೆರಡು ದಿನ ಮುಂಚೆ ಕ್ಯಾಬಿನ್ನಿಗೆ ಬಣ್ಣದ ಅಥವಾ ನಂಬರಿನ ಟ್ಯಾಗ್ ಬರ್ತವೆ. ಅದನ್ನ ಸೂಟ್‌ಕೇಸಿಗೆ ಕಟ್ಟಿ ಕೊನೇ ರಾತ್ರಿ ಕಾರಿಡಾರಲ್ಲಿ ಇಡ್ಬೇಕು, ನಾವು ಸಾವಿರಾರು ಬ್ಯಾಗ್ ರಾತ್ರಿಯೆಲ್ಲಾ ಕೆಳಗೆ ಸಾಗಿಸ್ತೀವಿ, ಬೆಳಿಗ್ಗೆ ಟರ್ಮಿನಲ್ಲಲ್ಲಿ ಅದೇ ಬಣ್ಣದ ಸಾಲಲ್ಲಿ ಸಿಗುತ್ತೆ. ಮಾರನೇ ದಿನ ಹಾಕ್ಕಳೋ ಬಟ್ಟೆ, ಪಾಸ್‌ಪೋರ್ಟು, ಮಾತ್ರೆ ಇವನ್ನ ಆ ಸೂಟ್‌ಕೇಸಲ್ಲಿ ಇಡಬೇಡಿ. ಪ್ಯಾಂಟು ಚಪ್ಪಲಿ ಎಲ್ಲಾ ಕೆಳಗೆ ಕಳಿಸಿ ರಾತ್ರಿ ಬಟ್ಟೇಲೇ ಉಳಿದೋರಿಗೆ ನಾನು ಬೆಳಿಗ್ಗೆ ಓಡಾಡಿ ಹುಡುಕಿ ಕೊಟ್ಟಿದೀನಿ. ಎಲ್ರೂ ಮರೆಯೋದು ಸೇಫ್ ಒಳಗೆ, ಬಾತ್‌ರೂಮ್ ಬಾಗಿಲ ಹಿಂದಿನ ಕೊಕ್ಕೆ ಮೇಲೆ, ಮಂಚದ ಕೆಳಗೆ, ಚಾರ್ಜರ್ ಪ್ಲಗ್ಗಲ್ಲಿ. ಹಾಗಾಗಿ ಕೊನೇ ಸಂಜೆ ನಾನೇ ಪ್ರತೀ ಕ್ಯಾಬಿನ್ನಿಗೆ ಹೋಗಿ ಇಷ್ಟನ್ನೂ ಬಾಯಲ್ಲಿ ಹೇಳ್ತೀನಿ, ಚೀಟಿ ಇಟ್ರೆ ಓದಲ್ಲ.

ಬಾರ್ಸಿಲೋನಾಗೆ ಮುಂಚೆ ಜಿಬ್ರಾಲ್ಟರ್ ಜಲಸಂಧಿ ದಾಟ್ಬೇಕು. ಅಗಲ ಕಡಿಮೆ ಇರೋ ಕಡೆ ಹದಿನಾಲ್ಕು ಕಿಲೋಮೀಟರ್ ಅಷ್ಟೇ, ಬಲಕ್ಕೆ ಆಫ್ರಿಕಾ, ಎಡಕ್ಕೆ ಯುರೋಪು. 426 ಮೀಟರ್ ಎತ್ತರದ ಜಿಬ್ರಾಲ್ಟರ್ ಬಂಡೆ ಕಂಡಾಗ ಚಳ್ಳಕೆರೆ ಹುಡುಗ ನಮ್ಮ ದುರ್ಗದ ಕೋಟೆ ನೆನಪಾಯ್ತು ಅಂತ ಕಣ್ಣು ಒರೆಸ್ಕಂಡ. ಅವನ ಕೈ ಹಿಡ್ಕಂಡು ಸುಮ್ನೆ ನಿಂತಿದ್ದೆ. ಅಲ್ಲಿಂದ ಮೆಡಿಟರೇನಿಯನ್, ಅಟ್ಲಾಂಟಿಕ್ಕಿನ ದೊಡ್ಡ ಅಲೆ ನಿಂತುಹೋಗ್ತವೆ, ಹಡಗು ಓಲಾಡೋದು ಕಡಿಮೆ ಆಗುತ್ತೆ, ಕಾಲಿಗೇ ಗೊತ್ತಾಗುತ್ತೆ.

ಹ್ಯಾಂಡ್‌ಓವರ್ ಬಗ್ಗೆ ಒಂದು ಮಾತು. ನನ್ನ ಜಾಗಕ್ಕೆ ಬರೋನು ಹತ್ತೋದು ನಾನು ಇಳಿಯೋ ದಿನವೇ, ಮುಖ ನೋಡೋಕೂ ಟೈಮ್ ಇರಲ್ಲ ಎಷ್ಟೋ ಸಲ. ಅದಕ್ಕೆ ಕೊನೇ ಸೀ ಡೇಗಳಲ್ಲೇ (ಯಾವ ಪೋರ್ಟಲ್ಲೂ ನಿಲ್ಲದ ದಿನಗಳು) ಒಂದು ನೋಟ್‌ಬುಕ್ಕಲ್ಲಿ ಬರೆದಿಡ್ತೀನಿ: ಯಾವ ಕ್ಯಾಬಿನ್ ಎಸಿ ಸದ್ದು ಮಾಡುತ್ತೆ, ಯಾವ ಶವರ್ ನೀರು ನಿಧಾನ ಹೋಗುತ್ತೆ, ಯಾವ ಸೋಫಾ ಬೆಡ್ ಎಳೆಯೋವಾಗ ಬೆರಳು ಸಿಕ್ಕಿಸುತ್ತೆ. ಲಾಕರಲ್ಲಿ ಎಷ್ಟು ಟವಲ್ ಎಷ್ಟು ಬೆಡ್‌ಶೀಟ್ ಅಂತ ಎಣಿಸಿ ಬರೀತೀನಿ. ಅವನು ಬಂದ ಮೊದಲನೇ ದಿನವೇ ಟರ್ನ್‌ಅರೌಂಡ್, ಬೆಳಿಗ್ಗೆ ಹಳೇ ಜನ ಇಳಿದು ಮಧ್ಯಾಹ್ನಕ್ಕೆ ಹೊಸ ಜನ ಹತ್ತಿರ್ತಾರೆ, ಪಾಪ ನಿದ್ದೆ ಇಲ್ಲದೆ ಫ್ಲೈಟಿಂದ ಬಂದಿರ್ತಾನೆ. ಆ ನೋಟ್‌ಬುಕ್ ಒಂದಿದ್ರೆ ಅವನಿಗೆ ಎಷ್ಟು ಧೈರ್ಯ ಬರುತ್ತೆ ಅಂತ ನನಗೆ ಗೊತ್ತು, ಒಂದ್ಸಲ ಯಾರೋ ನನಗೂ ಹಂಗೇ ಬರೆದಿಟ್ಟು ಹೋಗಿದ್ರು.

ಯೂನಿಫಾರ್ಮ್, ಕ್ಯಾಬಿನ್ ಕೀ ವಾಪಸ್ ಕೊಟ್ಟು, ಪಾಸ್‌ಪೋರ್ಟು, ಸಿಡಿಸಿ (ಹಡಗಿನ ಕೆಲಸದವರ ಗುರುತಿನ ಪುಸ್ತಕ) ಇಸ್ಕಂಡು, ಪೋರ್ಟ್ ಏಜೆಂಟ್ ಬಸ್ಸಲ್ಲಿ ಏರ್‌ಪೋರ್ಟಿಗೆ, ಗಲ್ಫಲ್ಲಿ ಫ್ಲೈಟ್ ಬದಲಾಯಿಸಿ ಬೆಂಗಳೂರು. ಬಸ್ಸಲ್ಲಿ ತುಮಕೂರು, ಶಿರಾ. ಹಿರಿಯೂರಲ್ಲಿ ಹುಡುಗ ಇಳ್ಕಂಡ, ಅವರಪ್ಪ ಬೈಕ್ ತಗಂಡು ಬಂದು ನಿಂತಿದ್ರು. ನಾನು ದಾವಣಗೆರೆ ಮುಟ್ಟಿ ಸಂಜೆ ಎಲ್ರ ಜೊತೆ ಕೂತು ಉಂಡು ಹತ್ತು ಗಂಟೆಗೆ ಮಲಗಿ, ಬೆಳಿಗ್ಗೆ ಆರಕ್ಕೆ ಅಪ್ಪಾಜಿ ಜೊತೆ ಕೆರೆ ಏರಿ ಮೇಲೆ ವಾಕಿಂಗ್ ಹೋಗಿದ್ದೆ.

ಅದೇ ವಾರ ಮಾಡೋ ಕೆಲಸ ಒಂದೈತೆ, ಬಿಡಬೇಡಿ. ಸಿಡಿಸಿಯಲ್ಲಿ ಸೈನ್ ಆನ್, ಸೈನ್ ಆಫ್ ತಾರೀಕು ಮತ್ತೆ ಪಾಸ್‌ಪೋರ್ಟಿನ ಇಮಿಗ್ರೇಷನ್ ಸೀಲು, ಎಲ್ಲಾ ಪುಟ ಜೆರಾಕ್ಸ್ ಮಾಡಿಸಿ ಆಡಿಟರಿಗೆ ಕೊಡಿ. ಏಪ್ರಿಲಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ಇಂಡಿಯಾದಲ್ಲಿ ಎಷ್ಟು ದಿನ ಇದ್ರಿ, 182 ದಿನ ಆಯ್ತಾ ಇಲ್ವಾ ಅನ್ನೋದ್ರ ಮೇಲೆ ನಿಮ್ಮ ಟ್ಯಾಕ್ಸ್ ನಿಂತಿರುತ್ತೆ, ಏಪ್ರಿಲಲ್ಲಿ ಇಳಿದ್ರೆ ಆ ರಜೆ ಪೂರ್ತಿ ಹೊಸ ವರ್ಷದ ಲೆಕ್ಕಕ್ಕೇ ಬೀಳುತ್ತೆ. ಸೀಲು ಮಸುಕಾಗಿದ್ರೆ ಬೋರ್ಡಿಂಗ್ ಪಾಸ್ ಕೂಡ ಜೊತೆಗಿಡಿ.