ಹೈ-ರೆಸ್ ಮತ್ತು ಸರೌಂಡ್: ಮನೆಯಲ್ಲೇ ಕೇಳಿ ತೀರ್ಮಾನಿಸುವ ಬಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಹಜಾರದಲ್ಲಿ ಒಂದು ಸಂಜೆ ವೀಣೆಯ ಆಲಾಪನೆಯೊಂದನ್ನು ಎರಡು ಬಗೆಯಲ್ಲಿ ಕೇಳಿದೆವು: ಮೊದಲು ನನ್ನ ಹಳೆಯ ಸಿ.ಡಿ.ಯಿಂದ, ಆಮೇಲೆ ಗೆಳೆಯರು ಹಣ ಕೊಟ್ಟು ಇಳಿಸಿಕೊಂಡಿದ್ದ 24 ಬಿಟ್, 96 ಕಿಲೋಹರ್ಟ್ಸ್‌ನ (ಸೆಕೆಂಡಿಗೆ 96 ಸಾವಿರ ಮಾದರಿ, ಒಂದೊಂದಕ್ಕೂ 24 ಬಿಟ್) ಹೈ-ರೆಸ್ ಫೈಲಿನಿಂದ, ಎಂದರೆ ಸಿ.ಡಿ.ಗಿಂತ ಹೆಚ್ಚು ವಿವರ ಹಿಡಿದಿಟ್ಟ ಫೈಲಿನಿಂದ. ಎರಡನೆಯದರಲ್ಲಿ ಒಂದೊಂದು ಮೀಟೂ ಎದ್ದು ಕೇಳುತ್ತಿತ್ತು, ನಾನೂ ಒಪ್ಪಿದೆ. ಅಳೆದು ನೋಡಿದಾಗ ಆ ಫೈಲು ಸಿ.ಡಿ.ಗಿಂತ ಸುಮಾರು 2 ಡೆಸಿಬಲ್ ಗಟ್ಟಿಯಾಗಿತ್ತು, ಮಾಸ್ಟರಿಂಗನ್ನೂ (ಬಿಡುಗಡೆಗೆ ಮುನ್ನ ಮುದ್ರಿಕೆಗೆ ಕೊಡುವ ಕೊನೆಯ ಹದವನ್ನೂ) ಹೊಸದಾಗಿ ಮಾಡಿದ್ದರು. ಇಷ್ಟು ಸಣ್ಣ ಹೆಚ್ಚಳ ಕಿವಿಗೆ ಗಟ್ಟಿ ಎನಿಸುವುದಕ್ಕಿಂತ ಸ್ಪಷ್ಟ ಎನಿಸುವುದೇ ಹೆಚ್ಚು. ಹೈ-ರೆಸ್ ನಿಜಕ್ಕೂ ಸಿ.ಡಿ.ಗಿಂತ ಮೇಲೇ ಎಂಬ ಚರ್ಚೆಯಲ್ಲಿ ಬಹುಪಾಲು ಜನ ಎಡವುವುದು ಇಲ್ಲೇ ಎಂದು ನಾನು ನಂಬಿದ್ದೇನೆ.

ಆದ್ದರಿಂದ ಅಂಗಡಿಯಿಂದ ಎರಡು ಪ್ರತಿಗಳನ್ನು ತರಬೇಡಿ. ಒಂದೇ ಹೈ-ರೆಸ್ ಫೈಲನ್ನು ಆರಿಸಿಕೊಂಡು, ಅದರ ನಕಲೊಂದನ್ನು ಸಾಕ್ಸ್‌ನಂಥ (SoX) ತಂತ್ರಾಂಶದಿಂದ ಸಿ.ಡಿ.ಯ ಮಟ್ಟಕ್ಕೆ, ಎಂದರೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ, ಡಿದರ್ (ಬಿಟ್ ಇಳಿಸುವಾಗ ಹುಟ್ಟುವ ಕರ್ಕಶತೆಯನ್ನು ಮರೆಸುವ ಅತಿ ಮೆಲುವಾದ ಸದ್ದು) ಸೇರಿಸಿ ಇಳಿಸಿರಿ. ಬಳಿಕ ಅದನ್ನೇ ಮತ್ತೆ 24 ಬಿಟ್, 96 ಕಿಲೋಹರ್ಟ್ಸ್‌ಗೆ ಏರಿಸಿರಿ. ಕಳೆದುಹೋದ ವಿವರ ಇದರಿಂದ ಮರಳಿ ಬರುವುದಿಲ್ಲ. ಆದರೆ ಎರಡೂ ಫೈಲುಗಳು ಒಂದೇ ದರದಲ್ಲಿ ಓಡುವುದರಿಂದ, ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಯಂತ್ರವು ಟಿಕ್ಕೆಂದು ಗುಟ್ಟು ಬಿಟ್ಟುಕೊಡುವ ಸಂಭವ ತಪ್ಪುತ್ತದೆ. ಬ್ಲೂಟೂತ್ ಬಳಸಬೇಡಿ, ತಂತಿಯ ಹೆಡ್‌ಫೋನ್ ಇರಲಿ: ಈ ಹೈ-ರೆಸ್ ಸ್ಟೀರಿಯೊ ಸಂಕುಚಿಸದೆ ಸೆಕೆಂಡಿಗೆ 4,608 ಕಿಲೋಬಿಟ್ ಬೇಡುತ್ತದೆ, ಬ್ಲೂಟೂತ್‌ನಲ್ಲಿ ಹೆಚ್ಚು ದತ್ತಾಂಶ ಸಾಗಿಸುವ ಎಲ್‌ಡ್ಯಾಕ್ ಎಂಬ ಸಂಕೋಚನ ವಿಧಾನ ಕೂಡ 990ಕ್ಕೆ ನಿಲ್ಲುತ್ತದೆ.

ಏನನ್ನು ಕೇಳಬೇಕೆಂಬುದೂ ತಿಳಿದಿರಲಿ. ಸಿ.ಡಿ.ಯ ದರವು 22 ಕಿಲೋಹರ್ಟ್ಸ್‌ವರೆಗಿನ ನಾದವನ್ನು ಹಿಡಿದಿಡುತ್ತದೆ. ಎಳೆಯ ಕಿವಿಗೂ 20ರ ಆಚೆ ಕೇಳುವುದು ಕಷ್ಟ. 16 ಬಿಟ್‌ನಲ್ಲಿ ಅತಿ ಗಟ್ಟಿಯಿಂದ ಅತಿ ಮೆಲುವಿನವರೆಗಿನ ವ್ಯಾಪ್ತಿ ಸುಮಾರು 96 ಡೆಸಿಬಲ್, ಅದು ಸಾಲದೆ ಹೋಗುವುದಾದರೆ ಅತಿ ಮೆಲುದನಿಯಲ್ಲೇ. ಹಾಗಾಗಿ ವ್ಯತ್ಯಾಸವಿದ್ದರೆ ಅದನ್ನು ಮೀಟಿದ ತಂತಿಯ ನಾದ ಕರಗಿ ಮೌನಕ್ಕೆ ಸೇರುವ ಆ ಕೊನೆಯ ಎರಡು ಕ್ಷಣಗಳಲ್ಲಿ ಹುಡುಕಬೇಕು. ಫ್ಯಾನು ಆರಿಸಿ, ಬೀದಿಯ ಕಡೆಯ ಕಿಟಕಿ ಮುಚ್ಚಿ ಕುಳಿತುಕೊಳ್ಳಿ.

ಇನ್ನು ಕುರುಡು ಪರೀಕ್ಷೆ. ಫೂಬಾರ್2000 ಎಂಬ ಉಚಿತ ಪ್ಲೇಯರಿಗೆ ಎಬಿಎಕ್ಸ್ ಎಂಬ ಜೋಡಣೆ ಸಿಗುತ್ತದೆ. ಅದು ಎರಡರಲ್ಲೊಂದನ್ನು ಮರೆಮಾಡಿ ನುಡಿಸುತ್ತದೆ, ಯಾವುದೆಂದು ನೀವು ಹೇಳಬೇಕು. 16 ಸಲ ಕೇಳಿರಿ, ನಡುವೆ ವಿರಾಮ ತೆಗೆದುಕೊಳ್ಳಿರಿ, ಕೊನೆಯವರೆಗೆ ಅಂಕಗಳನ್ನು ನೋಡಬೇಡಿ. ಬರಿಯ ಊಹೆಯಿಂದ 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. 8 ಬಂದರೆ ನಾಣ್ಯ ಚಿಮ್ಮಿದಂತೆಯೇ. ಹೈ-ರೆಸ್‌ಗೂ ಸಿ.ಡಿ. ಮಟ್ಟಕ್ಕೂ ವ್ಯತ್ಯಾಸ ಗುರುತಿಸುವ ಇಂಥದೇ ಪರೀಕ್ಷೆಯೊಂದನ್ನು 2007ರಲ್ಲಿ ಮೆಯರ್ ಮತ್ತು ಮೋರನ್ ಎಂಬಿಬ್ಬರು ಪ್ರಕಟಿಸಿದರು, ಅದರಲ್ಲಿ 554 ಉತ್ತರಗಳ ಪೈಕಿ 276 ಮಾತ್ರ ಸರಿಯಾಗಿದ್ದವು. 2016ರಲ್ಲಿ ಜೋಶುವಾ ರೀಸ್ ಎಂಬ ಸಂಶೋಧಕರು ಇಂಥ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಶೇಕಡ 52ರಷ್ಟು ಸರಿಯುತ್ತರ ಕಂಡುಬಂತು, ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು. ಎಂದರೆ ಹೈ-ರೆಸ್‌ನ ಲಾಭ ಇದ್ದರೂ ಬಹಳ ಸಣ್ಣದು, ಮತ್ತು ಒಳ್ಳೆಯ ಮಾಸ್ಟರಿಂಗ್ ಅದಕ್ಕಿಂತ ಎಷ್ಟೋ ಪಾಲು ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸರೌಂಡ್‌ನ, ಎಂದರೆ ಸುತ್ತಲೂ ಐದು ಸ್ಪೀಕರಿಟ್ಟು ಕೇಳುವ ಬಗೆಯ, ಪ್ರಶ್ನೆಯೇ ಬೇರೆ. ಅಲ್ಲಿ ವ್ಯತ್ಯಾಸ ಯಾರಿಗಾದರೂ ಕೇಳುತ್ತದೆ. ಅದು ನಿಮಗೆ ಹಿತವೇ ಎಂಬುದನ್ನಷ್ಟೇ ತಿಳಿಯಬೇಕು, ಅದಕ್ಕೆ ಕೋಣೆ ಸಿದ್ಧವಾಗಿರಬೇಕು. ಗಾರೆಯ ಕೆಂಪು ನೆಲವೂ ಬೋಳು ಗೋಡೆಯೂ ಇರುವ ನಮ್ಮ ಹಳೆಯ ಮನೆಗಳಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದರ ಹಿಂದೆಯೇ ಒಂದು ಝಣತ್ಕಾರ ಓಡುತ್ತದೆ. ದಪ್ಪ ಜಮಖಾನ ಹಾಸಿ, ಪುಸ್ತಕದ ಕಪಾಟನ್ನು ಹಿಂದಿನ ಗೋಡೆಗೆ ಸರಿಸಿ, ಆ ಝಣತ್ಕಾರ ಅಡಗುವವರೆಗೆ ಸ್ಪೀಕರುಗಳನ್ನು ಮುಟ್ಟಬೇಡಿ. ಬಳಿಕ ನೀವು ಕೂರುವ ಜಾಗದಿಂದ ಅಳೆದು, ಮುಂದಿನ ಎರಡನ್ನು ನಡುವಿನ ಸ್ಪೀಕರಿನಿಂದ 30 ಡಿಗ್ರಿಯಷ್ಟು ಎಡಬಲಕ್ಕೂ, ಹಿಂಬದಿಯ ಎರಡನ್ನು 100ರಿಂದ 120 ಡಿಗ್ರಿಯ ನಡುವೆಯೂ ಇಡಿ. ಐದೂ ನಿಮ್ಮಿಂದ ಸಮದೂರದಲ್ಲಿರಲಿ, ಜಾಗ ಸಾಲದಿದ್ದರೆ ಸ್ಪೀಕರುಗಳನ್ನು ನಡೆಸುವ ರಿಸೀವರಿನಲ್ಲಿ ಒಂದೊಂದರ ದೂರವನ್ನು ನಮೂದಿಸಿ.

ಕಛೇರಿಯ ಮುದ್ರಿಕೆಯಲ್ಲಿ ವಾದ್ಯ ಮುಂದಿನಿಂದಲೂ ಸಭಾಂಗಣದ ಗುಂಗು ಹಿಂದಿನಿಂದಲೂ ಬರಬೇಕು. ನುಡಿಯುತ್ತಿರುವಾಗ ಹಿಂದಿನ ಸ್ಪೀಕರುಗಳ ಇರವೇ ತಿಳಿಯಬಾರದು. ಮನೆಯವರೊಬ್ಬರು ಅವನ್ನು ತಟ್ಟನೆ ನಿಲ್ಲಿಸಿದ ಕ್ಷಣ ಸಭಾಂಗಣ ಕುಗ್ಗಿ ಗೋಡೆ ಹತ್ತಿರ ಬಂದಂತಾದರೆ, ಹಿಂದಿನವುಗಳ ಧ್ವನಿಮಟ್ಟ ಸರಿಯಾಗಿ ಕೂತಿದೆ.